ಸೋಲಾರ್ ಕೊಟೇಶನ್: ಒಟ್ಟು ಮೊತ್ತ ನೋಡಬೇಡಿ, ಪ್ಯಾನಲ್‌ನ ಒಂದು ವ್ಯಾಟ್‌ಗೆ ಎಷ್ಟು ರೂಪಾಯಿ ಅಂತ ನೋಡಿ

ಬಳ್ಳಾರಿಯಲ್ಲಿ ಸೋಲಾರ್ ಹಾಕಿಸಬೇಕು ಅಂತ ಒಬ್ಬರಿಗೆ ಫೋನ್ ಮಾಡಿದರೆ ಸಾಕು, ಅರ್ಧ ಗಂಟೆಯಲ್ಲಿ ವಾಟ್ಸಾಪ್‌ಗೆ ಒಂದು ರೇಟು ಬಂದು ಬೀಳುತ್ತದೆ. ಮನೆ ನೋಡಿಲ್ಲ, ಮಾಳಿಗೆ ಹತ್ತಿಲ್ಲ, ಕರೆಂಟ್ ಬಿಲ್ ಕೇಳಿಲ್ಲ. ಅಂಥ ರೇಟನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಮೊದಲು ಒಂದು ವರ್ಷದ ಜೆಸ್ಕಾಂ ಬಿಲ್ ತೆಗೆದು ತಿಂಗಳಿಗೆ ಎಷ್ಟು ಯೂನಿಟ್ ಅಂತ ಬರೆದುಕೊಳ್ಳಿ, ರೂಪಾಯಿ ಬೇಡ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಕೂಲರ್, ಎಸಿ ಹಗಲು ರಾತ್ರಿ ಓಡುತ್ತವೆ, ಅದೊಂದೇ ಬಿಲ್ ತೋರಿಸಿದರೆ 3 ಕಿಲೋವ್ಯಾಟ್ ಸಾಕಾಗುವ ಮನೆಗೆ 5 ಬೇಕು ಅಂತಾರೆ. 1 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ, ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು. ಗೃಹಜ್ಯೋತಿಯಲ್ಲಿ ಈಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ಸೋಲಾರ್‌ನಿಂದ ಬಿಲ್ಲಲ್ಲಿ ಉಳಿಯೋದು ಏನಿಲ್ಲ. ಮಾರೋಕೆ ಬಂದವರು ಇದನ್ನು ತಾವಾಗಿ ಹೇಳಲ್ಲ ಅಲ್ವಾ.

ಮನೆ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ವೆಂಡರ್‌ಗಳ ಪಟ್ಟಿ ಇದೆ. ಅದರಲ್ಲಿ ಹೆಸರು ಇಲ್ಲದವರ ಹತ್ತಿರ ಹಾಕಿಸಿದರೆ ಸಬ್ಸಿಡಿ ಇಲ್ಲ. ಪಟ್ಟಿಯಿಂದ ಕನಿಷ್ಠ ಮೂರು ಜನರನ್ನು ಮನೆಗೆ ಕರೆಸಿ, ಮೂವರಿಗೂ ಕೆಳಗಿನ ಪ್ರಶ್ನೆಗಳನ್ನೇ ಕೇಳಿ, ಉತ್ತರ ಬರೆದು ಕೊಡಿ ಅನ್ನಿ. "ನೀವೇನ್ ಚಿಂತಿ ಮಾಡಬ್ಯಾಡ್ರಿ ಸರ್, ಎಲ್ಲಾ ಅದ್ರಾಗೇ ಬಂತು" ಅಂದರೆ ನಕ್ಕು, "ಆತ್ರಿ, ಅದನ್ನೇ ಹಾಳ್ಯಾಗ ಬರದು ಕೊಡ್ರಿ" ಅನ್ನಿ.

ಈಗ ಅಸಲಿ ವಿಷಯ. 3 ಕಿಲೋವ್ಯಾಟ್‌ಗೆ ಒಬ್ಬರು 1,17,000 ಅಂತಾರೆ, ಇನ್ನೊಬ್ಬರು 1,95,000 ಅಂತಾರೆ ಅಂದುಕೊಳ್ಳಿ. ಮೊದಲನೆಯವರು 78,000 ಸಬ್ಸಿಡಿ ಕಳೆದು ಹೇಳಿದ್ದಾರೆ ಅಷ್ಟೆ, ಎರಡೂ ಒಂದೇ ರೇಟು. ಹಾಗಾಗಿ ಸಬ್ಸಿಡಿ ಕಳೆಯುವ ಮುಂಚಿನ ಮೊತ್ತವನ್ನೇ ಕೇಳಿ, ಆಮೇಲೆ ಅದನ್ನು ಪ್ಯಾನಲ್‌ಗಳ ಒಟ್ಟು ವ್ಯಾಟ್‌ನಿಂದ ಭಾಗಿಸಿ. 540 ವ್ಯಾಟ್‌ನ 6 ಪ್ಯಾನಲ್ ಅಂದರೆ 3,240 ವ್ಯಾಟ್, 1,95,000ಕ್ಕೆ ವ್ಯಾಟ್‌ಗೆ ಸುಮಾರು 60 ರೂಪಾಯಿ. ಮೂರನೆಯವರು 1,85,000ಕ್ಕೆ "3 ಕಿಲೋವ್ಯಾಟ್ ಸಿಸ್ಟಮ್" ಅಂತ ಬರೆದಿದ್ದಾರೆ, ಒಳಗೆ ನೋಡಿದರೆ ಇನ್ವರ್ಟರ್ (ಪ್ಯಾನಲ್ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಮಾತ್ರ 3 ಕಿಲೋವ್ಯಾಟ್, ಪ್ಯಾನಲ್ 5, ಅಂದರೆ 2,700 ವ್ಯಾಟ್. ಅಲ್ಲಿಗೆ ವ್ಯಾಟ್‌ಗೆ 68 ದಾಟಿತು. ಸಬ್ಸಿಡಿಯೂ ಪ್ಯಾನಲ್, ಇನ್ವರ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಿಗೋದು. 10,000 ಉಳಿಯಿತು ಅಂದುಕೊಂಡಿದ್ದು ಹೀಗೆ ಹೋಗುತ್ತದೆ.

ಒಂದು ಅಳತೆ ಬೇಕಲ್ವಾ? ಸರ್ಕಾರ ಸಬ್ಸಿಡಿಗೆ ಹಿಡಿದಿರುವ ದರ ಮೊದಲ 2 ಕಿಲೋವ್ಯಾಟ್‌ಗೆ ತಲಾ 50,000, ಮೂರನೆಯದಕ್ಕೆ 45,000. ಅಂದರೆ 3 ಕಿಲೋವ್ಯಾಟ್‌ಗೆ 1,45,000. ಅದಕ್ಕಿಂತ ಜಾಸ್ತಿ ಹೇಳಿದ ಮಾತ್ರಕ್ಕೆ ಮೋಸ ಅಂತಲ್ಲ, ಜಾಸ್ತಿ ಯಾಕೆ ಅಂತ ಬಿಡಿಸಿ ಹೇಳಬೇಕು ಅಷ್ಟೆ. 2025ರ ಸೆಪ್ಟೆಂಬರ್‌ನಲ್ಲಿ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಹಳೇ ರೇಟ್ ಶೀಟನ್ನೇ ತಂದು ತೋರಿಸುತ್ತಿದ್ದಾರಾ ನೋಡಿ. ಪ್ಯಾನಲ್ ಮುಂದೆ "ಡಿಸಿಆರ್" ಅಂತ ಇರಲೇಬೇಕು, ಅಂದರೆ ಸೆಲ್ ಸಮೇತ ಇಲ್ಲೇ ಭಾರತದಲ್ಲಿ ಮಾಡಿದ್ದು, ಅದಿಲ್ಲದೆ ಸಬ್ಸಿಡಿ ಬರಲ್ಲ. ಕಂಪನಿ ಹೆಸರು, ಮಾಡೆಲ್ ನಂಬರ್ ಎರಡೂ ಬೇಕು. "ಅಥವಾ ಅದಕ್ಕೆ ಸಮಾನ" ಅನ್ನೋ ಸಾಲಿದ್ದರೆ ಹೊಡೆದು ಹಾಕಿಸಿ.

ರೇಟು ಹೆಚ್ಚು ಕಮ್ಮಿ ಆಗೋದು ಜಾಸ್ತಿ ಸ್ಟ್ಯಾಂಡಿನಲ್ಲಿ. ಮಾಳಿಗೆ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಗಿಸುವವರು ಕೆಳಗೆ ಓಡಾಡಲು ಎತ್ತರದ ಸ್ಟ್ಯಾಂಡ್ ಕೇಳುತ್ತಾರೆ, ಅದಕ್ಕೆ ಖರ್ಚು ನಿಜವಾಗಿಯೂ ಜಾಸ್ತಿ. ಕಾಲು ಎಷ್ಟು ಅಡಿ, ಪೈಪ್ ಎಷ್ಟು ದಪ್ಪ, ಜಿಐ (ಸತು ಲೇಪಿಸಿದ) ಪೈಪಾ ಅಥವಾ ಬಣ್ಣ ಬಳಿದ ಕಬ್ಬಿಣವಾ ಅಂತ ಬರೆಸಿಕೊಳ್ಳಿ. ಹಳೇ ಮಣ್ಣಿನ ಮಾಳಿಗೆ ಆದರೆ ಮೊದಲು ಗೌಂಡಿಯನ್ನು ಕರೆದು ತೋರಿಸಿ. ಅರ್ಥಿಂಗ್ ಗುಂಡಿಗಳು, ಸಿಡಿಲು ತಡೆಯುವ ಕಂಬಿ, ನೆಟ್ ಮೀಟರ್ (ನೀವು ತೆಗೆದುಕೊಂಡ, ಲೈನಿಗೆ ಕೊಟ್ಟ ಯೂನಿಟ್ ಎರಡನ್ನೂ ಅಳೆಯುವ ಮೀಟರ್) ಖರ್ಚು, ಸಾಗಾಣಿಕೆ, ಇವೆಲ್ಲ ಒಳಗಾ ಹೊರಗಾ?

ಧೂಳಿನ ಮಾತನ್ನು ಯಾರೂ ಎತ್ತಲ್ಲ. ಸಂಡೂರು ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನ ಶಕ್ತಿನಗರದ ಸುತ್ತ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿ, ಕೊಪ್ಪಳದ ಫ್ಯಾಕ್ಟರಿಗಳ ಕಪ್ಪು ಪುಡಿ. ಒರೆಸದಿದ್ದರೆ ಯೂನಿಟ್ ಇಳಿಯುತ್ತದೆ, ಸವಳು ನೀರಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ. ಮಾಳಿಗೆಗೆ ನಲ್ಲಿ ಎಳೆಯುವುದು ಸೇರಿದೆಯಾ ಕೇಳಿ. ಐದು ವರ್ಷದ ನಿರ್ವಹಣೆ ಈ ಯೋಜನೆಯಲ್ಲಿ ವೆಂಡರ್ ಹೊಣೆ, ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಬ್ಯಾಟರಿ ಇಲ್ಲದ ಸಿಸ್ಟಮ್ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ, ಹಳ್ಳಿ ಕಡೆಯವರು ಇದನ್ನು ಮೊದಲೇ ತಿಳಿದಿರಿ.

ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಸ್ವಲ್ಪ ಅಡ್ವಾನ್ಸ್, ಸಾಮಾನು ಬಂದು ಮಾಡೆಲ್ ನಂಬರ್ ತಾಳೆ ನೋಡಿದ ಮೇಲೆ ದೊಡ್ಡ ಕಂತು, ಕೊನೆಯದು ನೆಟ್ ಮೀಟರ್ ಕೂರಿಸಿ ಜೆಸ್ಕಾಂನವರು ಚಾಲೂ ಮಾಡಿದ ಮೇಲೆ. ಸಬ್ಸಿಡಿ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ, ಹಾಗಾಗಿ "ನಮ್ಮ ಅಕೌಂಟ್ ನಂಬರ್ ಹಾಕಿಬಿಡ್ತೀವಿ" ಅನ್ನುವವರ ಕೊಟೇಶನ್ ಎಷ್ಟೇ ಕಮ್ಮಿ ಇದ್ದರೂ ವಾಪಸ್ ಕೊಟ್ಟುಬಿಡಿ.