ಕತೆಗೆ ಕೆಟ್ಟ ಅತ್ತೆ ಬೇಕಾ? ಮೊದಲು ಅವಳ ಕೈಲಿ ಜಡೆ ಹಾಕಿಸಿ

ಮಕ್ಕಳಿಗೆ ಮಾಟ ಮಂತ್ರದ ಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಮಂತ್ರಗಳ ಪಟ್ಟಿ ಮಾಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಯಾವ ಮಂತ್ರಕ್ಕೆ ಯಾವ ಮರದ ಕೋಲು ಅನ್ನುವವರೆಗೂ ಬರೆದು ಹನ್ನೆರಡು ಪುಟ ತುಂಬಿಸಿದೆ, ಕತೆ ಮಾತ್ರ ಇದ್ದಲ್ಲೇ ಇತ್ತು. ಆ ಪಟ್ಟಿ ಪಕ್ಕಕ್ಕಿಡಿ. ಕತೆಯಲ್ಲಿ ಕೆಟ್ಟವರಾಗುವ ನೆಂಟರನ್ನು ಮೊದಲು ಆರಿಸಿಕೊಳ್ಳಿ.

ಇಂಗ್ಲಿಷಿನಲ್ಲಿ ಆಂಟಿ ಅಂದರೆ ಮುಗೀತು. ಕನ್ನಡದಲ್ಲಿ ಬರೆಯುವವರು ಹಾಗೆ ತಪ್ಪಿಸಿಕೊಳ್ಳಲು ಆಗಲ್ಲ, ದೊಡ್ಡಮ್ಮನೋ ಚಿಕ್ಕಮ್ಮನೋ ಅತ್ತೆಯೋ ಅಂತ ಮೊದಲ ಸಾಲಲ್ಲೇ ಹೇಳಬೇಕು. ಚಿಕ್ಕಮ್ಮ ಅಂದ ಕೂಡಲೇ ಹಳೇ ಕತೆಗಳ ಮಲತಾಯಿ ನೆನಪಾಗಿ ಓದುಗರು ಹುಷಾರಾಗಿಬಿಡುತ್ತಾರೆ. ಅಪ್ಪನ ಅಕ್ಕ, ಮುದ್ದು ಮಾಡುವ ಅತ್ತೆ ಅಂದರೆ ಯಾರಿಗೂ ಅನುಮಾನ ಬರಲ್ಲ. ನನ್ನ ಓಟು ಅವಳಿಗೇ.

ಈಗ ಅವಳನ್ನು ಕೆಟ್ಟವಳು ಮಾಡಿ. ಕೆಂಪು ಕಣ್ಣು, ಗಹಗಹಿಸುವ ನಗು ಏನೂ ಬೇಡ. ಒಂದು ಒಳ್ಳೆಯ ಕೆಲಸ ಕೊಡಿ, ಅದರಲ್ಲಿ ಒಂದೇ ಒಂದು ಎಳೆ ತಪ್ಪಿಸಿ. ಉದಾಹರಣೆಗೆ, ಅತ್ತೆ ದಿನಾ ಬೆಳಿಗ್ಗೆ ಹುಡುಗಿಗೆ ಜಡೆ ಹಾಕುತ್ತಾಳೆ. ನೋವಾಗದ ಹಾಗೆ ಸಿಕ್ಕು ಬಿಡಿಸುತ್ತಾಳೆ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬಿಸಾಡಲ್ಲ, ಬೆರಳಿಗೆ ಸುತ್ತಿ ಸಣ್ಣ ಉಂಡೆ ಮಾಡಿ ತಗಡಿನ ಡಬ್ಬಿಗೆ ಹಾಕಿ ‘ಇವತ್ತು ಏಳು ಎಳೆ’ ಅನ್ನುತ್ತಾಳೆ. ಅಷ್ಟೇ. ಮರುದಿನ ಹುಡುಗಿಗೆ ಏನೋ ಒಂದು ಮರೆತುಹೋಗಿರುತ್ತದೆ. ಮೊದಲು ಪಕ್ಕದ ಮನೆ ನಾಯಿಯ ಹೆಸರು. ಆಮೇಲೆ ಅಮ್ಮನ ದನಿ.

ಇಲ್ಲಿ ಮಂತ್ರ ಸಂಬಂಧದೊಳಗೇ ಇದೆ, ಗಮನಿಸಿ. ತಲೆ ಕೊಟ್ಟು ಕೂರುವಷ್ಟು ನಂಬಿಕೆ ಇಲ್ಲದಿದ್ದರೆ ಆ ಮಾಟ ನಡೆಯಲ್ಲ. ಇಂಗ್ಲಿಷ್ ಲೇಖಕಿ ಡಯಾನಾ ವಿನ್ ಜೋನ್ಸ್ 1977ರ ಮಕ್ಕಳ ಕಾದಂಬರಿ ‘ಚಾರ್ಮ್ಡ್ ಲೈಫ್’ನಲ್ಲಿ ಇದನ್ನೇ ಇನ್ನೂ ಹತ್ತಿರಕ್ಕೆ ತಂದಿದ್ದಾರೆ. ಅಲ್ಲಿ ಅಕ್ಕ ತಮ್ಮನ ಶಕ್ತಿಯನ್ನೇ ಬಳಸಿಕೊಳ್ಳುತ್ತಿರುತ್ತಾಳೆ, ತನ್ನಲ್ಲಿ ಶಕ್ತಿ ಇದೆ ಅನ್ನೋದೇ ಆ ಪಾಪದ ಹುಡುಗನಿಗೆ ಗೊತ್ತಿರಲ್ಲ.

ಇನ್ನೊಂದು ತೊಡಕು ಎಲ್ಲರಿಗೂ ಬರುತ್ತದೆ. ಮಗು ಯಾರಿಗಾದರೂ ಹೇಳಿಬಿಟ್ಟರೆ ಕತೆ ಮುಗೀತಲ್ವಾ? ಅದಕ್ಕೇ ತುಂಬಾ ಜನ ಮೊದಲ ಪುಟದಲ್ಲೇ ಅಪ್ಪ ಅಮ್ಮನನ್ನು ಸಾಯಿಸಿಬಿಡುತ್ತಾರೆ, ಸೋಮಾರಿತನ ಅನ್ನಿಸುತ್ತದೆ ನನಗೆ. ಬಾಯಿ ಮುಚ್ಚಿಸಲು ಸಿ. ಎಸ್. ಲೂಯಿಸ್ ಕಂಡುಕೊಂಡ ದಾರಿ ನೋಡಿ. ಅವರ 1955ರ ಮಕ್ಕಳ ಕಾದಂಬರಿ ‘ದಿ ಮೆಜಿಶಿಯನ್ಸ್ ನೆಫ್ಯೂ’ನಲ್ಲಿ ಆ್ಯಂಡ್ರೂ ಮಾವ ಉಡುಗೊರೆ ಅಂತ ಉಂಗುರ ತೋರಿಸುತ್ತಾನೆ, ಅದನ್ನು ಮುಟ್ಟಿದ ಪಕ್ಕದ ಮನೆ ಹುಡುಗಿ ಪಾಲಿ ಮಾಯ. ಅವಳ ಜೊತೆಗಿದ್ದ ಸೋದರಳಿಯ ಡಿಗರಿ ಕಿರುಚಿದರೆ ‘ಗಲಾಟೆ ಮಾಡಿದರೆ ನಿನ್ನ ಅಮ್ಮನಿಗೆ ಕೇಳಿಸುತ್ತೆ’ ಅನ್ನುವ ಅರ್ಥದ ಮಾತಾಡುತ್ತಾನೆ. ಅಮ್ಮ ಅದೇ ಮನೆಯಲ್ಲಿ ಕಾಯಿಲೆ ಬಿದ್ದಿದ್ದಾಳೆ, ಗಾಬರಿ ಆದರೆ ಅವಳಿಗೆ ಅಪಾಯ. ಅಮ್ಮ ಬದುಕಿದ್ದಾಳೆ, ಅದಕ್ಕೇ ಹುಡುಗ ಸುಮ್ಮನಾಗಬೇಕು!

ನಿಮ್ಮ ಕತೆಯಲ್ಲೂ ಅಂಥದ್ದೊಂದು ಹುಡುಕಿ. ಅತ್ತೆ ಅಪ್ಪನ ಸಾಲ ತೀರಿಸಿರಬಹುದು, ಅಥವಾ ಸುಮ್ನೆ ಎಲ್ಲರಿಗೂ ಅವಳು ತುಂಬಾ ಇಷ್ಟ ಇರಬಹುದು. ಎರಡನೆಯದೇ ಜಾಸ್ತಿ ಭಯ.

ಉದ್ದ ಎಷ್ಟು ಅಂತ ಕೇಳುವವರಿಗೆ, 8ರಿಂದ 12 ವರ್ಷದವರ ಓದಾದರೆ ಇಂಗ್ಲಿಷಿನಲ್ಲಿ 40ರಿಂದ 60 ಸಾವಿರ ಪದ ಮಾಮೂಲು. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಳ್ಳುವುದರಿಂದ ಅದೇ ಕತೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಕೊನೆಯಲ್ಲಿ ಒಳ್ಳೆಯ ಮಂತ್ರವಾದಿ ಬಂದು ಕಾಪಾಡಬಾರದು. ಡಬ್ಬಿಯನ್ನು ಹುಡುಗಿಯೇ ತೆಗೆಯಬೇಕು, ಅದೂ ಅತ್ತೆ ಕಲಿಸಿದ ಜಾಣ್ಮೆಯಿಂದಲೇ. ದಿನಾ ಸಿಕ್ಕು ಬಿಡಿಸುವುದನ್ನು ನೋಡಿದ್ದಾಳಲ್ಲ, ಆ ಉಂಡೆಗಳನ್ನು ಒಂದೊಂದೇ ಎಳೆಯಾಗಿ ಬಿಡಿಸಲಿ. ಅತ್ತೆ ಅತ್ತು ಒಳ್ಳೆಯವಳಾಗುವ ಸೀನ್ ಮಾತ್ರ ದಯವಿಟ್ಟು ಬೇಡ.

ಮೊದಲ ಅಧ್ಯಾಯ ಆದ ಮೇಲೆ ಯಾವುದಾದರೂ ಮಗುವಿಗೆ ಗಟ್ಟಿಯಾಗಿ ಓದಿ ಹೇಳಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಹೂಂ ಅಂದುಬಿಡುತ್ತವೆ. ಅತ್ತೆ ಬಾಚಣಿಗೆ ಕೈಗೆತ್ತಿಕೊಂಡಾಗ ಮಗುವಿನ ಕೈ ತನ್ನ ತಲೆಗೆ ಹೋಯಿತಾ ನೋಡಿ. ಹೋದರೆ ಎರಡನೇ ಅಧ್ಯಾಯಕ್ಕೆ ಕೂರಿ.