ಬಿ.ಎಸ್ಸಿಯಿಂದ ವಿಶ್ವವಿದ್ಯಾಲಯದ ಗಣಿತ ವಿಭಾಗದವರೆಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ

ಗಣಿತದ ಪ್ರಾಧ್ಯಾಪಕರಾಗಬೇಕೆಂದು ಹೊರಟ ನಮ್ಮ ಭಾಗದ ಹುಡುಗ ಹುಡುಗಿಯರು ಎಡವುವುದು ಬಹುಪಾಲು ಸಿಎಸ್‌ಐಆರ್ ನೆಟ್‌ನಲ್ಲಿ, ಅಂದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗಿರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ. ಅದರ ಬೇರು ಬಿ.ಎಸ್ಸಿ ತರಗತಿಯಲ್ಲಿದೆ. ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆದರೂ ಸೆಮಿಸ್ಟರ್ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ, ನೆಟ್‌ನಲ್ಲಿ ಸಿಗುವುದಿಲ್ಲ.

ಪ್ರಮೇಯ ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಅದರ ಸಾಧನೆ (ಪ್ರೂಫ್) ಬರೆಯಿರಿ. ಆಮೇಲೆ ಪ್ರಮೇಯದ ಷರತ್ತುಗಳಲ್ಲಿ ಒಂದೊಂದನ್ನೇ ತೆಗೆದು ನೋಡಿ. [0, 1] ಮೇಲಿನ ಕಂಟಿನ್ಯೂಯಸ್ ಫಂಕ್ಷನ್ ಯೂನಿಫಾರ್ಮ್ ಆಗಿಯೂ ಕಂಟಿನ್ಯೂಯಸ್. ಸೊನ್ನೆಯನ್ನು ಹೊರಗಿಟ್ಟರೆ? 1/ಎಕ್ಸ್ ತೆಗೆದುಕೊಂಡರೆ ಪ್ರಮೇಯ ಬಿದ್ದುಹೋಗುತ್ತದೆ. ಅಂತರ (ಇಂಟರ್ವಲ್) ಮುಚ್ಚಿದ್ದರೂ ಅನಂತದವರೆಗೆ ಹೋದರೆ? ಎಕ್ಸ್ ವರ್ಗ ಸಾಕು. ಹೀಗೆ ಕೂಡಿಸಿದ ಪ್ರತ್ಯುದಾಹರಣೆಗಳಿಗೆ ಒಂದು ಪ್ರತ್ಯೇಕ ನೋಟ್‌ಬುಕ್ ಇಡಿ. ಮೊದಲು ರಿಯಲ್ ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜೀಬ್ರಾ. ಉಳಿದದ್ದು ಇವೆರಡರ ಮೇಲೆ ನಿಲ್ಲುತ್ತದೆ.

ಇದರ ಫಲ ನೆಟ್‌ನ ಸಿ ಭಾಗದಲ್ಲಿ ಕಾಣುತ್ತದೆ. 200 ಅಂಕಗಳ ಪತ್ರಿಕೆಯಲ್ಲಿ ಆ ಭಾಗಕ್ಕೇ 95: 60 ಪ್ರಶ್ನೆಗಳಲ್ಲಿ 20 ಬಿಡಿಸಬೇಕು, ಒಂದಕ್ಕೆ 4.75 ಅಂಕ. ಸರಿಯುತ್ತರ ಒಂದಕ್ಕಿಂತ ಹೆಚ್ಚಿರಬಹುದು, ಒಂದು ಬಿಟ್ಟುಹೋದರೂ ಅಂಕ ಸೊನ್ನೆ. ತಪ್ಪಿಗೆ ಕಡಿತವಿಲ್ಲ ನಿಜ, ಆದರೆ ಊಹೆ ಇಲ್ಲಿ ದಡ ಸೇರಿಸುವುದಿಲ್ಲ. ಪ್ರತಿ ಆಯ್ಕೆಗೂ ಸಾಧನೆ ಅಥವಾ ಪ್ರತ್ಯುದಾಹರಣೆ ಕೈಯಲ್ಲಿರಬೇಕು. ಬಿ ಭಾಗದಲ್ಲಿ ತಪ್ಪಿಗೆ 0.75 ಹೋಗುತ್ತದೆ, ಅಲ್ಲಿ ಕೈ ಬಿಗಿಹಿಡಿಯಿರಿ.

ಎಂ.ಎಸ್ಸಿಯನ್ನು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೇ ಮಾಡಬಹುದು. ಐಐಟಿ, ಅಥವಾ ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ ಬೇಕೆಂದರೆ ಪದವಿಯ ಕೊನೆಯ ವರ್ಷ ಫೆಬ್ರುವರಿಯಲ್ಲಿ ನಡೆಯುವ ಜಾಮ್ ಪ್ರವೇಶ ಪರೀಕ್ಷೆ ಬರೆಯಿರಿ. ಬೇಸಿಗೆ ರಜೆಯಲ್ಲಿ ನಡೆಯುವ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರಕ್ಕೂ ಅರ್ಜಿ ಹಾಕಿ. 1993ರಿಂದ ನಡೆಯುತ್ತಿರುವ ಈ ಶಿಬಿರದಲ್ಲಿ ಮೇಷ್ಟ್ರು ಉತ್ತರ ಹೇಳುವುದಿಲ್ಲ, ಕೇಳಿ ಕೇಳಿ ನಿಮ್ಮಿಂದಲೇ ಹೊರಡಿಸುತ್ತಾರೆ.

ನೆಟ್‌ನಲ್ಲಿ ಮುಂದಿರುವವರಿಗೆ ಕೊಡುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ. ಮನೆಬಾಡಿಗೆ ಭತ್ಯೆ ಬೇರೆ. ಮನೆಯವರ ಮೇಲೆ ಭಾರ ಹಾಕದೆ ಓದಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪಿಎಚ್.ಡಿಗೆ ಗೈಡ್ ಆರಿಸುವ ಮುನ್ನ ಅವರ ಹೆಸರನ್ನು ಝಡ್‌ಬಿಮ್ಯಾತ್ (zbMATH) ಎಂಬ ಗಣಿತ ಲೇಖನಗಳ ಆನ್‌ಲೈನ್ ಸೂಚಿಯಲ್ಲಿ ಹುಡುಕಿ, ಈಚಿನ ಲೇಖನಗಳನ್ನು ತೆರೆದು ನೋಡಿ, ಅದು ಉಚಿತ. ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ವಿಷಯ ಒಪ್ಪಿಕೊಳ್ಳಬೇಡಿ. ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ಜರ್ನಲ್‌ಗಳಿಂದ ದೂರವಿರಿ: ಗಣಿತದ ಸಾಧನೆಯನ್ನು ಸಾಲು ಸಾಲಾಗಿ ಪರೀಕ್ಷಿಸಲು ತಿಂಗಳುಗಳೇ ಹಿಡಿಯುತ್ತವೆ.

ಕರ್ನಾಟಕದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಬರೆದಿಡಿ. ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ನಮ್ಮ ಮೂರೂ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ. ಅದರ ಅರ್ಹತಾ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ನೇಮಕಾತಿ ಪ್ರಕಟಣೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ದಾಟಿಹೋಗಬಹುದು, ಎಂ.ಎಸ್ಸಿ ಓದುವಾಗಲೇ ಮಾಡಿಸಿಡಿ. ಶಾಲಾ ದಾಖಲೆ ಮತ್ತು ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಳ್ಳಿ.