ನ್ಯೂಜೆರ್ಸಿ ಚಳಿಗೆ ಕೊಳೆತ ಪಾಮ್ ಸುಳಿ ಮತ್ತೆ ಬಂದದ್ದು ಹೀಗೆ

ಚಳಿಗಾಲದ ಕೊನೆಗೆ ನಮ್ಮ ಹಿತ್ತಲಿನ ವಿಂಡ್‌ಮಿಲ್ ಪಾಮ್‌ನ (ಚಳಿ ತಡೆಯುವ ಒಂದು ತಾಳೆ ಜಾತಿಯ ಮರ) ಸುಳಿ ಸುಮ್ನೆ ಎಳೆದರೆ ಕೈಗೇ ಬಂತು. ಬುಡ ಕಂದು, ಮೆತ್ತಗೆ, ಕೆಟ್ಟ ವಾಸನೆ. ಊರಲ್ಲಿ ತೆಂಗಿನ ಸುಳಿ ಕೊಳೆ ನೋಡಿದವರಿಗೆ ಗೊತ್ತಾಗುತ್ತದೆ, ಹೆಚ್ಚುಕಡಿಮೆ ಅದೇ ರೀತಿ.

ಸುಳಿ ಹೋಯಿತು ಅಂತ ಮರ ಕಿತ್ತು ಹಾಕಬೇಡಿ. ಒಳಗಿನ ಬೆಳೆಯುವ ಭಾಗ ಜೀವಂತ ಇದ್ದರೆ ಮತ್ತೆ ಚಿಗುರುತ್ತದೆ. ಕೊಳೆತದ್ದನ್ನು ತೆಗೆದು, ಆ ಗುಳಿಗೆ 3% ಹೈಡ್ರೋಜನ್ ಪೆರಾಕ್ಸೈಡ್ ಸುರಿದೆ. ಬುರುಬುರು ನೊರೆ ಬಂತು. ನೊರೆ ಕಡಿಮೆಯಾಗುವವರೆಗೆ ಆಗಾಗ ಹಾಕುತ್ತಾ ಹೋದೆ, ಆಮೇಲೆ ತಾಮ್ರದ ಶಿಲೀಂಧ್ರನಾಶಕ ಹಾಕಿ, ಮಳೆ ನೀರು ಒಳಗೆ ಇಳಿಯದಂತೆ ಮೇಲೆ ಮುಚ್ಚಿದೆ. ಬೇಸಿಗೆಯಲ್ಲಿ ಹೊಸ ಸುಳಿ ಬಂತು! ಮೊದಲ ಎಲೆಗಳು ತುದಿ ಕತ್ತರಿಸಿದ ಹಾಗೆ ಮೊಂಡಾಗಿದ್ದವು, ಅದರ ನಂತರದವು ಚೆನ್ನಾಗಿವೆ.

ಬೇರೂರಿದ ಮರ ಸುಮಾರು ಮೈನಸ್ 12 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತದೆ. ಆದರೆ ಸುಳಿಯಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ಅಪಾಯ ಜಾಸ್ತಿ. ಅದಕ್ಕೇ ಈಗ ಚಳಿಗಾಲಕ್ಕೆ ನಾಲ್ಕು ಗೂಟ ನೆಟ್ಟು ಮೇಲೊಂದು ಮಾಡು ಹಾಕಿ, ಸುತ್ತ ಗಿಡವನ್ನು ಹಿಮದಿಂದ ಕಾಪಾಡುವ, ಗಾಳಿಯಾಡುವ ಫ್ರಾಸ್ಟ್ ಬಟ್ಟೆ ಕಟ್ಟುತ್ತೇನೆ. ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ, ಬೇಡ. ಬಿಸಿಗೆ ಹಳೇ ಥರದ ಫಿಲಮೆಂಟ್ ಸೀರಿಯಲ್ ಲೈಟು ಬೇಕು, ಎಲ್‌ಇಡಿ ಬಿಸಿ ಸಾಲದು. ಅದನ್ನು ಥರ್ಮೋಸ್ಟಾಟ್ ಪ್ಲಗ್‌ಗೆ ಹಾಕಿದ್ದೇನೆ: 2 ಡಿಗ್ರಿಗೆ ಇಳಿದರೆ ಹೊತ್ತಿಕೊಳ್ಳುತ್ತದೆ, 7 ದಾಟಿದರೆ ಆರುತ್ತದೆ.

ಇಷ್ಟೆಲ್ಲ ಮಾಡಲು ಆಗದವರು ನೀಡಲ್ ಪಾಮ್ ನೆಡಿ. ಕುಳ್ಳಗಿರುತ್ತದೆ, ನಿಧಾನ ಬೆಳೆಯುತ್ತದೆ, ಆದರೆ ಚಳಿಗೆ ವಿಂಡ್‌ಮಿಲ್ ಪಾಮ್‌ಗಿಂತ ಗಟ್ಟಿ.